ಹುಲ್ಲು ಏನು ಮಾಡಿತ್ತು?

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆಯ ಸಂಪಾದಕೀಯ ರಾಜ್ಯೋತ್ಸವದ ಬಗ್ಗೆ ಇರಬೇಕಿತ್ತು. ಆಲೂರು ವೆಂಕಟರಾಯರಿಂದ ಶುರುಮಾಡಿ ಎರಡು ಪ್ಯಾರಾ ಬರೆದೂ ಇದ್ದೆ. ಈಗ ರಾತ್ರಿ ಹನ್ನೊಂದೂವರೆ. ಪತ್ರಿಕೆ ಬೆಳಗ್ಗೆ ಎಂಟಕ್ಕೆ ಎಲ್ಲರ ಇಮೇಲಿಗೆ ಹೋಗಬೇಕು. ಅಧ್ಯಕ್ಷರು "ಆಯ್ತಾ?" ಅಂತ ಮೂರು ಸಲ ಮೆಸೇಜು ಹಾಕಿದ್ದಾರೆ. ನನ್ನ ತಲೆಯಲ್ಲಿ ಮಾತ್ರ ಕಳೆದ ಬುಧವಾರ ನಾಲ್ಕು ವರ್ಷದ ಪೋರಿಯೊಬ್ಬಳು ಕೇಳಿದ ಪ್ರಶ್ನೆಯೇ ಕೂತಿದೆ. ವೆಂಕಟರಾಯರು ಕ್ಷಮಿಸಲಿ.

ಆದದ್ದಿಷ್ಟು. ಎಡಿನ್‌ಬರೋದ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಮೈದಾನದಲ್ಲಿ ನಾನು ಗಾಲ್ಫ್ ಕೋಲು ಬೀಸಿದೆ. ಚೆಂಡು ಇದ್ದಲ್ಲೇ ಇತ್ತು. ಅಂಗೈಯಗಲದ ಹುಲ್ಲು ಮಣ್ಣುಸಮೇತ ಕಿತ್ತು ಎರಡು ಮಾರು ಮುಂದೆ ಹೋಗಿ ಬಿತ್ತು. ಇನ್ನೊಮ್ಮೆ ಬೀಸಿದೆ. ಇನ್ನೊಂದು ಅಂಗೈ ಹುಲ್ಲು. ಮೂರನೆಯದಕ್ಕೆ ಕೋಲೆತ್ತುವ ಹೊತ್ತಿಗೆ ಹಾಸನದವರ ಮಗಳು ಅಮ್ಮನ ಜಾಕೆಟ್ಟು ಜಗ್ಗಿ ಕೇಳಿದಳು: "ಅಮ್ಮಾ, ಆಂಟಿ ಯಾಕೆ ಹುಲ್ಲಿಗೆ ಹೊಡೀತಿದಾರೆ? ಅದೇನು ಮಾಡ್ತು?"

ನಾಲ್ಕು ಜನ ಹೆಂಗಸರು ಕೋಲು ಊರಿಕೊಂಡು ನಕ್ಕ ನಗುವಿಗೆ ಪಕ್ಕದಲ್ಲಿ ಹೋಗುತ್ತಿದ್ದ ನಾಯಿಯೊಂದು ಬೊಗಳಿತು.

ನಮ್ಮ ಬುಧವಾರದ ಗುಂಪಿನ ವಿಷಯ ಸಂಘದಲ್ಲಿ ಕೆಲವರಿಗೆ ಗೊತ್ತು, ಉಳಿದವರಿಗೆ ಗಾಳಿಮಾತಾಗಿ ತಲುಪಿದೆ. "ಏನಮ್ಮ, ಗಾಲ್ಫ್ ಅಂತೆ! ದೊಡ್ಡ ಜನ ಆಗ್ಬಿಟ್ರಿ" ಅಂತ ಯುಗಾದಿ ಊಟದ ಸಾಲಿನಲ್ಲಿ ಒಬ್ಬರು ಅಂದರು. ಲೆಕ್ಕ ಒಪ್ಪಿಸಿಬಿಡುತ್ತೇನೆ. ಬ್ರಂಟ್ಸ್‌ಫೀಲ್ಡ್‌ನ ಚೆಂಡು ಬೀಳಿಸುವ ಕುಳಿಗಳು ಹತ್ತಿರ ಹತ್ತಿರ ಇರುವ ಈ ಮೈದಾನ ಎಡಿನ್‌ಬರೋ ನಗರಸಭೆಯದು, ಆಡುವುದಕ್ಕೆ ದುಡ್ಡಿಲ್ಲ. ಕೋಲು, ಚೆಂಡು ನಮ್ಮದಿದ್ದರೆ ಸಾಕು. ಕೋಲು ಚಾರಿಟಿ ಅಂಗಡಿಯದು. ಚೆಂಡು ಬೇರೆಯವರು ಕಳಕೊಂಡದ್ದು. ಬ್ಯಾಗಿನಲ್ಲಿ ಚೆಂಡಿಡುವ ಜೇಬಿನಲ್ಲಿ ನಿಪ್ಪಟ್ಟು, ಛತ್ರಿ ಸಿಕ್ಕಿಸುವ ಕಡೆ ಕಾಫಿ ಫ್ಲಾಸ್ಕು. ಇಷ್ಟೇ ನಮ್ಮ ದೊಡ್ಡಸ್ತಿಕೆ.

ಶುರುವಾದದ್ದು 2021ರ ಆಗಸ್ಟಿನಲ್ಲಿ. ನೆನಪಿರಬಹುದು, ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹತ್ತಿರಕ್ಕೆ ಬಂದಿದ್ದಾಳೆ ಅಂತ ನಮ್ಮ ವಾಟ್ಸಾಪ್ ಗುಂಪು ಹೊತ್ತಿಕೊಂಡಿತು. ಕೊನೆಯ ಸುತ್ತು ಅಲ್ಲಿ ಶನಿವಾರ ಬೆಳಗ್ಗೆ, ನಮಗೆ ಶುಕ್ರವಾರದ ನಡುರಾತ್ರಿ. ವಿಶ್ವದ 200ನೇ ರ‍್ಯಾಂಕಿನ ಹುಡುಗಿ ಅಂಥ ಘಟಾನುಘಟಿಗಳ ನಡುವೆ ನಡೆದುಹೋಗುತ್ತಿದ್ದಳು, ಪಕ್ಕದಲ್ಲಿ ಬ್ಯಾಗು ಹೊತ್ತು ಅವಳಮ್ಮ. ಆಟದ ತಲೆಬುಡ ಗೊತ್ತಿಲ್ಲದ ನಾವು ನೋಡಿದ್ದು ಅಮ್ಮನನ್ನೇ. ಶಾಲೆಗೆ ಬಿಡಲು ಹೊರಟವರ ಹಾಗೆ ಇದ್ದರು. ಈ ಆಟದಲ್ಲಿ ಏಟು ಕಡಿಮೆಯಾದಷ್ಟೂ ಮೇಲು. ಕೊನೆಗೆ ಒಂದೇ ಒಂದು ಏಟು ಹೆಚ್ಚಾಗಿ ಕಂಚು ತಪ್ಪಿ ನಾಲ್ಕನೇ ಸ್ಥಾನ. ಬೆಳಗಿನ ಜಾವ ಧಾರವಾಡದವರು ಗುಂಪಿನಲ್ಲಿ ಧ್ವನಿ ಸಂದೇಶ ಹಾಕಿದರು: "ಏನ್ರೀ, ಗೋಲಿಯಷ್ಟು ಚೆಂಡಿಗೆ ಇಷ್ಟು ದೊಡ್ಡ ಹೊಲ ಯಾಕ ಬೇಕಾಗಿತ್ತ್ರೀ ಇವರಿಗೆ? ನಾವೂ ಒಮ್ಮೆ ನೋಡೋಣಲ್ಲ."

ಹಾಗೆ ನೋಡಲು ಹೋದವರು ನಾಲ್ಕು: ಧಾರವಾಡ, ಹಾಸನ, ಶಿರಸಿ, ನಾನು. ಊರಿನ ಹೆಸರಿನಿಂದಲೇ ಕರೆದುಕೊಳ್ಳುವುದು ನಮ್ಮ ಅಭ್ಯಾಸ. "ಶಿರಸಿ, ನಿನ್ನ ಸರದಿ" ಅಂದರೆ ಬಸ್ ನಿಲ್ದಾಣದಲ್ಲಿ ನಿಂತ ಹಾಗೆ ಇರುತ್ತದೆ.

ಶಿರಸಿಯವರು ಚಾರಿಟಿ ಅಂಗಡಿಯಲ್ಲಿ ಮೂರು ಪೌಂಡಿಗೆ ಚಂದದ ಕೋಲೊಂದನ್ನು ತಂದರು. ಎರಡು ವಾರ ಬೀಸಿದರೂ ಚೆಂಡು ಒಮ್ಮೆಯೂ ನೆಟ್ಟಗೆ ಹೋಗಲಿಲ್ಲ. "ನನ್ನ ಕೈಯೇ ಸರಿ ಇಲ್ಲೆ ಮಾರಾಯ್ತಿ" ಅಂತ ಕೊರಗುತ್ತಿದ್ದರು. ನಾಯಿ ಅಡ್ಡಾಡಿಸುವ ಮುದುಕರೊಬ್ಬರು ದಿನಾ ನಮ್ಮನ್ನು ನೋಡಿಕೊಂಡು ಹೋಗುವವರು, ಮೂರನೇ ವಾರ ತಡೆಯಲಾರದೆ ಹತ್ತಿರ ಬಂದು ಟೋಪಿ ತೆಗೆದು ಹೇಳಿದರು, ಅದು ಎಡಚರ ಕೋಲು ಅಂತ. ನೋಡಲಾರದೆ ಎಷ್ಟು ಸಂಕಟಪಟ್ಟಿದ್ದರೋ ಪಾಪ.

ಅದೇ ಮುದುಕರು ಹೇಳಿಕೊಟ್ಟ ಮೊದಲ ಪಾಠ ತಲೆ ಎತ್ತಬಾರದು ಅಂತ. ಹೊಡೆದು ಮುಗಿಯುವವರೆಗೆ ತಲೆ ತಗ್ಗಿಸಿಯೇ ಇರಬೇಕು, ಚೆಂಡು ಎಲ್ಲಿ ಹೋಯಿತೆಂದು ಆಮೇಲೆ ನೋಡಿದರಾಯಿತು. ಧಾರವಾಡದವರು ಕೋಲು ಕೆಳಗಿಟ್ಟರು. "ನಲವತ್ತೆರಡು ವರ್ಷ ತಲಿ ತಗ್ಗಿಸಿ ನಡದು ಸಾಕಾಗೇತ್ರೀ. ಇಲ್ಲೂ ಅದ ಏನು?" ಅದನ್ನು ಮುದುಕರಿಗೆ ಇಂಗ್ಲಿಷಿನಲ್ಲಿ ಹೇಳೋಣವೆಂದು ಹೊರಟೆ. ನಗು ಬಂದು ಆಗಲಿಲ್ಲ.

ಹಾಸನದವರು ಮೇಷ್ಟ್ರ ಮಗಳು, ನಿಯಮವೆಲ್ಲ ಓದಿಕೊಂಡು ಬರುತ್ತಾರೆ. ಹ್ಯಾಂಡಿಕ್ಯಾಪ್ ಅಂದರೆ ಏನೆಂದು ಅವರು ಬಿಡಿಸಿ ಹೇಳಿದ ಮೇಲೆ ನನಗೆ ಈ ಆಟದ ಮೇಲೆ ಗೌರವವೇ ಬಂತು. ಆಟ ಬಾರದವರಿಗೆ ಬಾರದಷ್ಟು ಏಟು ರಿಯಾಯಿತಿ. 2020ರಿಂದ ಜಗತ್ತಿಗೆಲ್ಲ ಒಂದೇ ಲೆಕ್ಕ, ಗಂಡಸರಿಗೂ ಹೆಂಗಸರಿಗೂ ಹೆಚ್ಚೆಂದರೆ 54. ಪೂರ್ತಿ ಆಟದ ಹದಿನೆಂಟು ಕುಳಿಗೆ ಹಂಚಿದರೆ ಕುಳಿಗೆ ಮೂರು. "ಗ್ರೇಸ್ ಮಾರ್ಕ್ಸು ಕಣ್ರೀ!" ಅಂದರು. ನಮ್ಮ ಎಸ್ಸೆಸ್ಸೆಲ್ಸಿ ಬೋರ್ಡೂ ಇಷ್ಟು ಕರುಣೆ ತೋರಿಸಿರಲಿಲ್ಲ. ಕಳೆದ ಚೆಂಡನ್ನು ಮೂರು ನಿಮಿಷ ಮಾತ್ರ ಹುಡುಕಬಹುದು ಅಂತಲೂ ನಿಯಮವಿದೆ, ಮೊದಲು ಐದಿತ್ತಂತೆ, 2019ರಲ್ಲಿ ಇಳಿಸಿದರು. ಇದನ್ನು ನಾವು ಪಾಲಿಸುವುದಿಲ್ಲ. ಇಪ್ಪತ್ತು ನಿಮಿಷ ಹುಡುಕಿ, ಒಂದು ಕಳಕೊಂಡು ಎರಡು ಹೆಕ್ಕಿಕೊಂಡು ಬರುತ್ತೇವೆ.

ಚೆಂಡು ಹುಡುಕುವಾಗಲೆಲ್ಲ ನನಗೆ ಅರಸೀಕೆರೆ ಕಡೆಯ ನಮ್ಮ ಅಜ್ಜಿಯ ಮನೆ ಬಾವಿ ನೆನಪಾಗುತ್ತದೆ. ಬೇಸಿಗೆ ರಜಕ್ಕೆ ಅಲ್ಲಿ ಸೇರುತ್ತಿದ್ದ ಹನ್ನೊಂದು ಮೊಮ್ಮಕ್ಕಳಿಗೆ ಆಟ ಒಂದೇ, ಚಿನ್ನಿದಾಂಡು. ದೊಡ್ಡಪ್ಪನ ಮಗ ಮಚ್ಚಿನಲ್ಲಿ ಹೊಂಗೆ ಕೊಂಬೆ ಸವರಿ ದಾಂಡು ಮಾಡಿಕೊಡುತ್ತಿದ್ದ. ಚಿನ್ನಿಯ ಎರಡೂ ತುದಿ ಚೂಪು ಮಾಡುವಾಗ ಯಾರೂ ಮಾತಾಡಬಾರದು, ಅಷ್ಟು ಏಕಾಗ್ರತೆ. ಬದ್ದು ತೋಡುವುದು ಕಣದ ಮೂಲೆಯಲ್ಲಿ. ಹನ್ನೊಂದು ವರ್ಷದವರೆಗೆ ನಾನೇ ಅಲ್ಲಿ ರಾಣಿ. ಹನ್ನೆರಡನೇ ಬೇಸಿಗೆಗೆ ಹೋದಾಗ ಅಮ್ಮ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದರು. ಮಾರನೇ ದಿನ ಹುಡುಗರೆಲ್ಲ ಕಣಕ್ಕೆ ಓಡಿದರು, ನನ್ನನ್ನು ಮಾಳಿಗೆಗೆ ಕಳಿಸಿದರು, ಸಂಡಿಗೆ ಕಾಯಲಿಕ್ಕೆ. ಹಳೇ ಸೀರೆಯ ಮೇಲೆ ಸಾಲುಸಾಲು ಅಕ್ಕಿ ಸಂಡಿಗೆ. ಕಾಗೆ ಓಡಿಸಲು ಕೈಗೆ ಕೊಟ್ಟದ್ದು ಏನು ಗೊತ್ತೇ? ಹೋದ ವರ್ಷದ ನನ್ನದೇ ದಾಂಡು.

ಮೂರು ದಿನ ಕೂತೆ. ಬಿಸಿಲಿಗೆ ತಲೆ ಮೇಲೆ ಟವಲು. ಕೆಳಗಿನ ಗಲಾಟೆ ಪೂರಾ ಕೇಳುತ್ತದೆ, ಯಾರು ಔಟು, ಯಾರು ಮೋಸ ಮಾಡಿದರು, ಎಲ್ಲ. ನಾಲ್ಕನೇ ದಿನ ತಮ್ಮ ಹೊಡೆದ ಚಿನ್ನಿ ಹಾರಿ ಬಂದು ಮಾಳಿಗೆಯ ಮೇಲೆ, ಸಂಡಿಗೆ ಸೀರೆಯ ಅಂಚಿಗೆ ಬಿತ್ತು. "ಅಕ್ಕಾ, ಎಸೀ!" ಅಂದ. ಎಸೆಯಬಹುದಿತ್ತು. ನಾನು ಸುತ್ತ ನೋಡಿದೆ. ಚಿನ್ನಿಯ ತುದಿಗೆ ದಾಂಡಿನಿಂದ ಒಂದು ತಟ್ಟಿದೆ, ಎದ್ದಿತು, ಬೀಸಿದೆ. ಆ ಟಕ್ ಎನ್ನುವ ಸದ್ದು ಇವತ್ತಿಗೂ ಅಂಗೈಯಲ್ಲಿದೆ. ಕಣ ದಾಟಿತು, ಹುಣಸೆ ಮರ ದಾಟಿತು, ತೆಂಗಿನ ಸಾಲಿನ ಆಚೆ ಹೋಗಿ ಬಾವಿಗೆ ಬಿತ್ತು. ಹುಡುಗರ ಸದ್ದಡಗಿತು. ತಿರುಗಿ ನೋಡಿದರೆ ಮೆಟ್ಟಿಲ ಬಾಯಲ್ಲಿ ಮೊರ ಹಿಡಿದು ಅಜ್ಜಿ ನಿಂತಿದ್ದಾರೆ. ಬೈಗುಳಕ್ಕೆ ತಯಾರಾದೆ. ಅಜ್ಜಿ ಸಂಡಿಗೆ ಒಂದೊಂದಾಗಿ ತಿರುವಿಹಾಕುತ್ತಾ, ಮುಖ ಎತ್ತದೆ, ಕೇಳಿದರು:

"ಎಲ್ಲಿಗೆ ಬಿತ್ತೇ?"

"ಬಾವಿಗೆ."

"ಬಾವಿಗ್ ಬಿದ್ರೆ ಔಟು ಕಣೇ. ನಮ್ ಕಾಲ್ದಲ್ಲೂ."

ಗಾಲ್ಫಿನಲ್ಲಿ ನೀರಿಗೆ ಬಿದ್ದರೆ ಔಟಿಲ್ಲ, ಒಂದು ಏಟು ದಂಡ ಅಷ್ಟೆ. ಅವತ್ತಿನ ಮಾಳಿಗೆಯ ಏಟಿನಂಥದ್ದು ಈ ಮೂರು-ನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಒಂದೂ ಬಂದಿಲ್ಲ ಅನ್ನುವುದನ್ನೂ ಸೇರಿಸಿಬಿಡುತ್ತೇನೆ.

ಈ ಬೇಸಿಗೆಯಲ್ಲಿ ಕಾರು ಮಾಡಿಕೊಂಡು ಗಾಲ್ಫಿನ ತವರೂರು ಅನ್ನುವ ಸೇಂಟ್ ಆಂಡ್ರೂಸಿಗೆ ಹೋಗಿದ್ದೆವು. ಅಲ್ಲಿ ಸಮುದ್ರದ ಪಕ್ಕ 'ಹಿಮಾಲಯಾಸ್' ಅಂತ ಒಂದು ಮೈದಾನವಿದೆ, ಬರೀ ಚೆಂಡು ಉರುಳಿಸುವ ಆಟದ್ದು, ದಿಬ್ಬ ತಗ್ಗು ದಿಬ್ಬ ತಗ್ಗು. ಅದು 1867ರಲ್ಲಿ ಶುರುವಾದ ಮಹಿಳೆಯರ ಪಟಿಂಗ್ ಕ್ಲಬ್ಬಿನದು. ಕೋಲನ್ನು ಭುಜದಿಂದ ಮೇಲೆ ಎತ್ತುವುದು ಹೆಂಗಸರಿಗೆ ಒಪ್ಪುವುದಿಲ್ಲ ಅನ್ನುತ್ತಿದ್ದ ಕಾಲವಂತೆ, ಉರುಳಿಸಿಕೊಂಡಿರಿ ಅಂತ ಒಂದು ತುಂಡು ನೆಲ. ಸ್ವಲ್ಪ ಆಚೆ ನೋಡಿದರೆ ರಾಯಲ್ ಅಂಡ್ ಏನ್ಷಿಯೆಂಟ್ ಗಾಲ್ಫ್ ಕ್ಲಬ್ಬಿನ ಕಲ್ಲು ಕಟ್ಟಡ. ಅಲ್ಲಿ ಹೆಂಗಸರಿಗೆ ಸದಸ್ಯತ್ವ ಕೊಡುವುದೆಂದು ಮತ ಹಾಕಿದ್ದು 2014ರಲ್ಲಿ. ಹಾಸನದವರು ಬೆರಳು ಮಡಚಿ ಲೆಕ್ಕ ಹಾಕಿದರು, 147 ವರ್ಷ. ನಮ್ಮಜ್ಜಿಯ ಮಾಳಿಗೆಯೇ ವಾಸಿ ಅನ್ನಿಸಿತು ನನಗೆ. ಅದಿರಲಿ, ಕೆಲವೇ ಪೌಂಡು ಕೊಟ್ಟರೆ ಈಗ ಯಾರು ಬೇಕಾದರೂ ಆಡಬಹುದು, ಕೋಲು ಚೆಂಡು ಅವರೇ ಕೊಡುತ್ತಾರೆ. ಶಿರಸಿಯವರು ಒಂದು ದಿಬ್ಬ ಹತ್ತಿಸಲು ಹನ್ನೊಂದು ಏಟು ತೆಗೆದುಕೊಂಡರು, ಪ್ರತಿ ಸಲವೂ ಚೆಂಡು ಅವರ ಕಾಲ ಬುಡಕ್ಕೇ ಉರುಳಿ ಬಂತು, ಸಾಕಿದ ಬೆಕ್ಕಿನ ಹಾಗೆ. ಧಾರವಾಡದವರು ಅಲ್ಲಿಂದಲೇ ಅತ್ತೆಗೆ ಫೋನು ಮಾಡಿ "ಹಿಮಾಲಯಕ್ಕ ಬಂದೇವ್ರೀ" ಅಂದರೆ ಆ ಕಡೆಯಿಂದ "ಕೇದಾರನಾಥನ ಪ್ರಸಾದ ತರೋದು ಮರೀಬ್ಯಾಡ" ಅಂತ ಬಂತು.

ಆ ಧಾರವಾಡದವರು ಈಗ ಊರಿಗೆ ಹೊರಟಿದ್ದಾರೆ. ಎರಡು ವಾರ ರಜಕ್ಕಲ್ಲ, ಪೂರ್ತಿ. ಅತ್ತೆಗೆ ಈಗ ಜೊತೆಗೆ ಜನ ಬೇಕು. ಹದಿನಾರು ವರ್ಷ ಈ ಸಂಘದ ಪ್ರತಿ ಸಂಕ್ರಾಂತಿಗೂ ಎಳ್ಳು ಹುರಿದ ಕೈ ಅದು. ನವೆಂಬರ್ ಎರಡನೇ ವಾರದ ಟಿಕೆಟ್ಟು.

ಅವರಿಗೆ ಏನು ಕೊಡೋಣ ಅಂತ ಯೋಚಿಸುವಾಗ ಹಾಸನದವರೇ ಒಂದು ಕಥೆ ಹುಡುಕಿ ತಂದರು. ಇಲ್ಲೇ ಪಕ್ಕದ ಮಸಲ್‌ಬರೋ ಇದೆಯಲ್ಲ, ಅಲ್ಲಿನ ಮೀನು ಮಾರುವ ಹೆಂಗಸರು ಇನ್ನೂರು ವರ್ಷದ ಹಿಂದೆಯೇ ಗಾಲ್ಫ್ ಆಡುತ್ತಿದ್ದರು. ಅಲ್ಲಿಯ ಕ್ಲಬ್ಬು 1811ರ ಜನವರಿಯ ಪಂದ್ಯದಲ್ಲಿ ಗೆದ್ದವಳಿಗೆ ಬಹುಮಾನ ಗೊತ್ತುಮಾಡಿತ್ತು: ಹೊಸದೊಂದು ಮೀನುಬುಟ್ಟಿ, ಒಂದು ಶಾಲು. ಮೇಲೆ ಎರಡು ರೇಷ್ಮೆ ಕರವಸ್ತ್ರ. ಕೇಳಿ ನಾವೆಲ್ಲ ಒಂದೇ ಉಸಿರಿಗೆ ಅಂದದ್ದು, "ಅಯ್ಯೋ, ಇದು ನಮ್ಮ ಸನ್ಮಾನವೇ!" ಶಾಲು ಆಯ್ತು, ಹಣ್ಣಿನ ಬುಟ್ಟಿ ಆಯ್ತು, ಪೇಟ ಹಾರ ಎರಡೇ ಬಾಕಿ. ಆದ್ದರಿಂದ ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಧಾರವಾಡದವರಿಗೆ ಬುಟ್ಟಿ ಮತ್ತು ಶಾಲು. ದಯವಿಟ್ಟು ಅವರಿಗೆ ಮೊದಲೇ ಹೇಳಬೇಡಿ. (ಇದನ್ನು ಅವರೂ ಓದುತ್ತಾರೆ ಎಂಬುದು ಈಗ ಹೊಳೆಯಿತು. ಇರಲಿ, ತಿದ್ದಲು ಹೊತ್ತಿಲ್ಲ.) ಹೋದ ವರ್ಷ ಸನ್ಮಾನವಾದವರಲ್ಲಿ ಯಾರ ಬಳಿಯಾದರೂ ಮಡಿಕೆ ಬಿಚ್ಚದ ಶಾಲು ಇದ್ದರೆ ತಂದುಕೊಡಿ, ಸಂಘದ ಖಾತೆಯ ಸ್ಥಿತಿ ನಿಮಗೆ ಗೊತ್ತೇ ಇದೆ.

ಇನ್ನು ಸೂಚನೆಗಳು, ಒಂದೇ ಉಸಿರಿಗೆ. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ, ಎಂದಿನ ಚರ್ಚ್ ಹಾಲು, ಮಧ್ಯಾಹ್ನ ಮೂರಕ್ಕೆ. ಮೂರಕ್ಕೆ ಅಂದರೆ ಮೂರಕ್ಕೆ, ಐದಕ್ಕೆ ಹಾಲು ಬಿಡಬೇಕು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಅದನ್ನು ನೆಪ ಹೇಳಬೇಡಿ. ಊಟಕ್ಕೆ ಬಿಸಿಬೇಳೆಬಾತು, ಮೊಸರನ್ನ. ತಟ್ಟೆ ಲೋಟ ಮನೆಯಿಂದ. ಮಕ್ಕಳ ಕೋಲಾಟದ ಅಭ್ಯಾಸ ಭಾನುವಾರ ಹತ್ತಕ್ಕೆ, ಕೋಲು ಸಂಘದ್ದು (ಗಾಲ್ಫಿನದಲ್ಲ). ಕನ್ನಡ ಕಲಿಕೆ ಅದೇ ದಿನ ಹನ್ನೊಂದಕ್ಕೆ, ಹೊಸ ಮಕ್ಕಳು ತಲಕಟ್ಟಿನಲ್ಲಿದ್ದಾರೆ, ಈಗ ಸೇರಿದರೆ ಹಿಂದೆ ಬೀಳುವುದಿಲ್ಲ. ನವರಾತ್ರಿ ಬೊಂಬೆಯ ಫೋಟೋ ಕಳಿಸಿದವರಿಗೆ ವಂದನೆ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ವಾರ್ಷಿಕ ಚಂದಾ ಬಾಕಿಯಿರುವವರಿಗೆ ಖಜಾಂಚಿಯವರ ನಮಸ್ಕಾರಗಳು.

ಇಷ್ಟು ಬರೆದ ಮೇಲೆ ಇನ್ನೊಂದು ಮಾತು. ಈ ಸಂಚಿಕೆಗೆ ಬಂದ ಏಳು ಲೇಖನಗಳಲ್ಲಿ ಎರಡು ಲೇಖನ 'ನುಡಿ' ತಂತ್ರಾಂಶದಲ್ಲಿ ಟೈಪಾಗಿದ್ದವು, ಯುನಿಕೋಡಿಗೆ ಬದಲಿಸುವಾಗ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. ಒಂದು ಕೈಬರಹದ ಫೋಟೋ. ಒಂದು ಹನ್ನೆರಡು ನಿಮಿಷದ ಧ್ವನಿ ಸಂದೇಶ, ಹಿನ್ನೆಲೆಯಲ್ಲಿ ಕುಕ್ಕರು. ಇಲ್ಲಿಯವರೆಗೆ ಕರಡು ತಿದ್ದುತ್ತಿದ್ದದ್ದು ಧಾರವಾಡದವರೇ. ತಿಂಗಳಿಗೆ ಎರಡು ಸಂಜೆ ಕೊಡಬಲ್ಲವರು ಒಬ್ಬರು ಬೇಕು. ಅಲ್ಪಪ್ರಾಣ ಮಹಾಪ್ರಾಣ ಗೊತ್ತಿದ್ದರೆ ಸಾಕು. ನಾನು ಒಬ್ಬಳೇ ಮಾಡಲಾರೆ, ನಿಜವಾಗಿಯೂ.

ಬುಧವಾರಕ್ಕೂ ನಾಲ್ಕನೆಯವರು ಬೇಕು. ಆಟ ಬರಬೇಕೆಂದೇನಿಲ್ಲ, ಬಾರದಿದ್ದರೆ ಇನ್ನೂ ಒಳ್ಳೆಯದು. ಧಾರವಾಡದವರು ತಮ್ಮ ಬ್ಯಾಗನ್ನು ಮೊನ್ನೆ ನಮ್ಮ ಷೆಡ್ಡಿನಲ್ಲಿ ಇಟ್ಟುಹೋದರು. ಐದು ಕೋಲು, ಹದಿಮೂರು ಚೆಂಡು (ಒಂದೂ ಅವರು ಕೊಂಡದ್ದಲ್ಲ), ಒಂದೇ ಕೈಯ ಗ್ಲೌಸು, ಮುಂದಿನ ಜೇಬಿನಲ್ಲಿ ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿ. ಚಟ್ನಿಪುಡಿ ನಾನು ತೆಗೆದುಕೊಂಡಿದ್ದೇನೆ. ಉಳಿದದ್ದು ಬೇಕಾದವರು ತಿಳಿಸಿ.

ಸಂಪಾದಕಿ