ಇರ್ಪು ಜಲಪಾತಕ್ಕೆ ಮಕ್ಕಳನ್ನು ಕಳಿಸುವ ಮುನ್ನ

ಪ್ರಿಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ಏಳನೇ ತರಗತಿಯ ಮಕ್ಕಳನ್ನು ಇರ್ಪು ಜಲಪಾತಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಹುತ್ತರಿ ಸುಗ್ಗಿಹಬ್ಬ ಬಂದು, ಕಾಫಿ ಕುಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಈಗಲೇ. "ಶಿವರಾತ್ರಿಗೆ ಹೋಗ್ತಾನೇ ಇರ್ತೀವಲ್ಲ" ಎಂದು ಕೆಲವರು ಹೇಳಿದಿರಿ. ನಿಜ. ಈ ಸಲ ಮಕ್ಕಳು ಗುಡ್ಡದ ಆಕಾರವನ್ನೂ ಅದರ ಮೇಲಿನ ಗಿಡಮರಗಳನ್ನೂ ಒಟ್ಟಿಗೆ ನೋಡಲಿ ಎಂಬುದು ನಮ್ಮ ಆಸೆ.

ಇರ್ಪು ಇರುವ ಬ್ರಹ್ಮಗಿರಿ ಬೆಟ್ಟ 1974ರಿಂದ ವನ್ಯಜೀವಿಧಾಮ. 1608 ಮೀಟರ್ ಎತ್ತರದ ತುದಿಯಲ್ಲಿ ಬರೀ ಹುಲ್ಲು. ಅಲ್ಲಿ ಗಾಳಿ ಜಾಸ್ತಿ, ಬಂಡೆಯ ಮೇಲೆ ಮಣ್ಣು ತೆಳು. ಅದೇ ಗುಡ್ಡದ ಮಡಿಕೆಗಳಲ್ಲಿ, ಮಣ್ಣೂ ನೀರೂ ಇಳಿದು ಸೇರುವ ಕಡೆ, ಶೋಲಾ ಎಂದು ಕರೆಯುವ ದಟ್ಟ ಗಿಡ್ಡಮರಗಳ ಕಾಡು. ಗೆರೆ ಎಳೆದ ಹಾಗೆ ಹುಲ್ಲು ಮುಗಿದು ಮರ ಶುರುವಾಗುತ್ತದೆ. ಮರವಿಲ್ಲದ ಗುಡ್ಡವೆಂದರೆ ಹಾಳುಬಿದ್ದ ಜಾಗ, ಅಲ್ಲಿ ಸಸಿ ನೆಡಬೇಕು ಎಂದುಕೊಂಡ ಮಕ್ಕಳು ನಮ್ಮಲ್ಲಿದ್ದಾರೆ. ಅದು ಹಾಗಲ್ಲ. ಆ ಹುಲ್ಲಿನ ಬೇರು, ಕಾಡಿನ ತರಗೆಲೆ ಎರಡೂ ಮಳೆನೀರನ್ನು ಹಿಡಿದು ನಿಧಾನಕ್ಕೆ ಬಿಡುವುದರಿಂದಲೇ ಮಳೆ ನಿಂತ ಮೇಲೂ ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ ನದಿಯಲ್ಲಿ ನೀರಿರುತ್ತದೆ. ನಮ್ಮ ಗದ್ದೆಗಳ ಪಕ್ಕದಲ್ಲೇ ಹರಿದು ಅದು ಕೃಷ್ಣರಾಜಸಾಗರದಲ್ಲಿ ಕಾವೇರಿ ಸೇರುತ್ತದೆ.

ನಾವು ತುದಿಗೆ ಹತ್ತುವುದಿಲ್ಲ. ಅಬ್ಬಿಯ ಬುಡದಲ್ಲೇ ಬೇಕಾದಷ್ಟಿದೆ. ಒಂದೇ ಒಂದು ಬಂಡೆ ಸಾಕು. ನೀರು ತಾಗುವ ಕಡೆ ಜಾರುವ ಹಾವಸೆ. ತುಂತುರು ಮಾತ್ರ ಬೀಳುವಲ್ಲಿ ಪಾಚಿ, ಜರಿಗಿಡ, ಬಿರುಕಿನಲ್ಲಿ ಗೌರಿಹೂವಿನ ಜಾತಿಯ ಪುಟ್ಟ ಗಿಡ. ಬಿಸಿಲು ಕಾಯುವ ನೆತ್ತಿಯಲ್ಲಿ ಕಲ್ಲುಹೂವಿನಂಥ ಬೂದು ಪದರ. ಮೊಳದಷ್ಟು ಎತ್ತರದೊಳಗೆ ಇಷ್ಟೆಲ್ಲ! ಪ್ರತಿ ಗುಂಪಿಗೂ ಒಂದು ಬಂಡೆ ಕೊಟ್ಟು ಚಿತ್ರ ಬರೆಸುತ್ತೇವೆ.

ನಿಮ್ಮಿಂದ ಒಂದು ಸಹಾಯ ಬೇಕು. ಹೊರಡುವ ಮುಂಚೆ ಮಕ್ಕಳ ಜೊತೆ ತೋಟದಲ್ಲಿ ಒಂದು ಸುತ್ತು ಹಾಕಿ. ತೆರ್ಮೆ ಸೊಪ್ಪು (ಪಲ್ಯ ಮಾಡುವ ಎಳೆ ಜರಿಗಿಡ) ತೋಡಿನ ಬದಿಯಲ್ಲೇ ಯಾಕೆ ಸಿಗುತ್ತದೆ, ಬೈನೆ ಮರ ಎಲ್ಲಿ ಚೆನ್ನಾಗಿ ಬರುತ್ತದೆ, ಕೇಳಿ, ತೋರಿಸಿ. ಕಾಡಂಚಿನ ಬುಡಕಟ್ಟು ಹಾಡಿಯ ಹಿರಿಯರಿಗೆ ಗೊತ್ತಿರುವಷ್ಟು ನಮ್ಮ ಪಾಠಪುಸ್ತಕದಲ್ಲಿಲ್ಲ. ಅವರಲ್ಲಿ ಯಾರಾದರೂ ನಮ್ಮ ಜೊತೆ ಬರುವುದಾದರೆ ದಯವಿಟ್ಟು ತಿಳಿಸಿ, ಬಸ್ಸಿನಲ್ಲಿ ಸೀಟು ಇಟ್ಟಿರುತ್ತೇವೆ.

ಉದ್ದ ಪ್ಯಾಂಟ್, ಜಾರದ ಶೂ ಹಾಕಿಸಿ. ಜಿಗಣೆಗೆ ಒಂದು ಪೊಟ್ಟಣ ಉಪ್ಪು ಕೊಡಿ. ಊಟ ಸ್ಟೀಲ್ ಡಬ್ಬಿಯಲ್ಲಿರಲಿ, ಚಿಪ್ಸ್ ಪ್ಯಾಕೆಟ್ ಬೇಡ. ಯಾರನ್ನೂ ನೀರಿಗೆ ಇಳಿಸುವುದಿಲ್ಲ. ಹೂವು, ಎಲೆ, ಕಲ್ಲು ಏನನ್ನೂ ಅಲ್ಲಿಂದ ತರುವಂತಿಲ್ಲ. ಇದನ್ನು ಮನೆಯಲ್ಲೂ ಒಮ್ಮೆ ಹೇಳಿ ಕಳಿಸಿ. ಒಪ್ಪಿಗೆ ಚೀಟಿಗೆ ಸಹಿ ಮಾಡಿ ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ,
ಮುಖ್ಯ ಶಿಕ್ಷಕಿ