ಸಿದ್ಧಾಂತ ಅಲುಗಾಡಿದ ಸುದ್ದಿ ಬಂತು, ಮುಂದಿನದ್ದು ಎಲ್ಲಿ?

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳಲ್ಲಿ ವಿಜ್ಞಾನದ ಸುದ್ದಿ ಬರುವುದೇ ಅಪರೂಪ. ಬಂದರೆ ಯಾವುದಾದರೂ ಸಿದ್ಧಾಂತ ಬುಡಮೇಲಾಗಿಯೇ ಬರುತ್ತದೆ. ಒಮ್ಮೆ ಐನ್‌ಸ್ಟೈನ್ ತಪ್ಪು, ಇನ್ನೊಮ್ಮೆ ಮಹಾಸ್ಫೋಟವೇ ಸುಳ್ಳು. ನಿಮ್ಮದೊಂದೇ ಅಂತಲ್ಲ, ಹೆಚ್ಚಿನ ಪತ್ರಿಕೆಗಳೂ ಹೀಗೇ. ಅಬ್ಬರದ ತಲೆಬರಹವನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ ಮೊದಲ ದಿನ ಅಷ್ಟು ದೊಡ್ಡದಾಗಿ ಬರೆದವರು, ಆಮೇಲೆ ಏನಾಯಿತೆಂದು ಒಂದು ಸಾಲೂ ಬರೆಯುವುದಿಲ್ಲವಲ್ಲ, ನನ್ನ ತಕರಾರು ಅದರ ಬಗ್ಗೆ.

ಮ್ಯೂಆನ್ ಕಥೆಯನ್ನೇ ನೋಡಿ. ಎಲೆಕ್ಟ್ರಾನಿನಂಥದ್ದೇ ಕಣ, ತೂಕ ಮಾತ್ರ ಅದರ ಸುಮಾರು 207 ಪಟ್ಟು. ಕಾಂತಕ್ಷೇತ್ರದಲ್ಲಿ ಅದು ಎಷ್ಟು ವೇಗವಾಗಿ ಓಲಾಡಬೇಕು ಎಂದು ಕಣಭೌತಶಾಸ್ತ್ರದ ಮೂಲ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್ ಲೆಕ್ಕ ಕೊಡುತ್ತದೆ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಅಳೆದಾಗ ಲೆಕ್ಕಕ್ಕೂ ಅಳತೆಗೂ ಚೂರು ವ್ಯತ್ಯಾಸ ಬಂತು. ಅದನ್ನು ಖಚಿತ ಮಾಡಿಕೊಳ್ಳಲು 2013ರಲ್ಲಿ, ಅಳತೆಗೆ ಬಳಸಿದ್ದ ಸುಮಾರು 15 ಮೀಟರ್ ಅಗಲದ ಕಾಂತದ ಬಳೆಯನ್ನು ದೋಣಿಯಲ್ಲಿ, ಲಾರಿಯಲ್ಲಿ ಸುಮಾರು 5,000 ಕಿಲೋಮೀಟರ್ ಸಾಗಿಸಿ ಷಿಕಾಗೊ ಬಳಿಯ ಫರ್ಮಿಲ್ಯಾಬ್‌ಗೆ ಒಯ್ದರು. ಒಂದು ಚೂರು ವ್ಯತ್ಯಾಸಕ್ಕಾಗಿ ಇಷ್ಟೆಲ್ಲ! ವ್ಯತ್ಯಾಸ ಅಲ್ಲೂ ಉಳಿಯಿತು. 2021ರ ಏಪ್ರಿಲ್ 7ರಂದು ಫಲಿತಾಂಶ ಹೊರಬಿದ್ದಾಗ ಅದು 4.2 ಸಿಗ್ಮಾ ಇತ್ತು. ಸುಮ್ನೆ ಆಕಸ್ಮಿಕವಾಗಿ ಇಷ್ಟು ಅಂತರ ಬರುವ ಸಾಧ್ಯತೆ ಸುಮಾರು 40 ಸಾವಿರಕ್ಕೆ ಒಂದು. ಹೊಸ ಶೋಧ ಎನ್ನಲು 5 ಸಿಗ್ಮಾ ಬೇಕು, ಅಂದರೆ 35 ಲಕ್ಷಕ್ಕೆ ಒಂದು. ಅಲ್ಲಿಗೆ ಇನ್ನೂ ತಲುಪಿರಲಿಲ್ಲ. ಆದರೂ, ಗೊತ್ತಿರುವ ನಾಲ್ಕರ ಆಚೆ 'ಪ್ರಕೃತಿಯ ಐದನೇ ಬಲ' ಎಂದು ಜಗತ್ತಿನಾದ್ಯಂತ ಸುದ್ದಿಯಾಯಿತು.

ತಮಾಷೆ ಇರುವುದು ಇಲ್ಲಿ. ಅದೇ ದಿನ 'ನೇಚರ್' ಪತ್ರಿಕೆಯಲ್ಲಿ ಇನ್ನೊಂದು ತಂಡದ ಲೆಕ್ಕ ಪ್ರಕಟವಾಗಿತ್ತು. ಸೂಪರ್ ಕಂಪ್ಯೂಟರ್‌ಗಳಲ್ಲಿ ಬೇರೆಯೇ ವಿಧಾನದಿಂದ ಮಾಡಿದ ಆ ಲೆಕ್ಕ ಅಳತೆಗೆ ತೀರಾ ಹತ್ತಿರ ಇತ್ತು. ಅದು ಯಾರ ಮುಖಪುಟಕ್ಕೂ ಸಿಕ್ಕಲಿಲ್ಲ. 2025ರಲ್ಲಿ ಸಿದ್ಧಾಂತದವರು ಈ ಬಗೆಯ ಲೆಕ್ಕಗಳನ್ನೇ ಆಧಾರವಾಗಿಟ್ಟುಕೊಂಡು ಹೊಸ ಅಂಕಿ ಕೊಟ್ಟರು. ಜೂನ್ 3ರಂದು ಫರ್ಮಿಲ್ಯಾಬ್ ಕೊನೆಯ ಅಳತೆ ಕೊಟ್ಟಿತು. ಎರಡೂ ಈಗ ಹೊಂದುತ್ತವೆ. ಹಾಗಾದರೆ ಹಳೆಯ ಲೆಕ್ಕದ ವಿಧಾನ ಯಾಕೆ ಬೇರೆ ಉತ್ತರ ಕೊಟ್ಟಿತು? ಅದಕ್ಕೆ ಇನ್ನೂ ಪೂರ್ತಿ ವಿವರಣೆ ಸಿಕ್ಕಿಲ್ಲ. ತೊಡಕು ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ನನಗಂತೂ ಐದನೇ ಬಲಕ್ಕಿಂತ ಇದೇ ಸ್ವಾರಸ್ಯ.

ಮುಂದಿನ ಕಂತು ಬರದಿದ್ದರೆ ಇಲ್ಲಿ ಏನಾಗುತ್ತದೆ ಅಂದರೆ, ನಮ್ಮೂರ ಗ್ರಂಥಾಲಯದಲ್ಲಿ ಪೇಪರ್ ಮಡಚುತ್ತಾ ಒಬ್ಬರು ಹೇಳುತ್ತಾರೆ: "ಮಾಷ್ಟ್ರೇ, ನೀವು ಕಲಿಸಿದ್ದೆಲ್ಲ ಈಗ ಸುಳ್ಳಂತೆ ಅಲ್ವಾ? ವಿಜ್ಞಾನ ಇವತ್ತೊಂದು ಹೇಳುತ್ತದೆ, ನಾಳೆ ಇನ್ನೊಂದು." ಅವರನ್ನು ದೂರಿ ಪ್ರಯೋಜನವಿಲ್ಲ, ಪೇಪರಿನಲ್ಲಿ ಇದ್ದದ್ದು ಅಷ್ಟೇ. ಈ ಮಾತನ್ನೇ ಕಾಯುತ್ತಾ ಕೂತ ಇನ್ನೊಂದು ವರ್ಗವೂ ಇದೆ. ಲಸಿಕೆ ಬೇಡ ಎನ್ನುವವರಿಗೆ, ವಾಟ್ಸಾಪಿನಲ್ಲಿ ಕಷಾಯ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಾ?

ಆದರೆ ಅಲುಗಾಡಿದ ಸಿದ್ಧಾಂತ ಕೆಲಸಕ್ಕೆ ಬಾರದೇ ಹೋಗುವುದಿಲ್ಲ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಎಷ್ಟೋ ಮೊದಲೇ ಹೇಳಿದ್ದರು. ಹೇಳಿದ ಹೊತ್ತಿಗೆ, ಬೆಳಿಗ್ಗೆ ಒಂಬತ್ತೂವರೆಯ ಆಸುಪಾಸಿನಲ್ಲಿ, ಬಳೆ ಮೂಡಿತು. ಆ ಲೆಕ್ಕದ ಬಹುಪಾಲು ನ್ಯೂಟನ್ನನದ್ದು. ಅದೇ ನ್ಯೂಟನ್ನನ ನಿಯಮದ ಲೆಕ್ಕ ಬುಧಗ್ರಹದ ವಿಷಯದಲ್ಲಿ ಹೊಂದುತ್ತಿಲ್ಲ ಎಂದು 1859ರಲ್ಲೇ ಗೊತ್ತಾಗಿತ್ತು. ವ್ಯತ್ಯಾಸ ಎಷ್ಟು? ಬುಧ ಸುತ್ತುವ ದಾರಿ ಲೆಕ್ಕಕ್ಕಿಂತ ನೂರು ವರ್ಷಕ್ಕೆ 43 ಆರ್ಕ್‌ಸೆಕೆಂಡ್ ಹೆಚ್ಚು ತಿರುಗುತ್ತದೆ. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಅದರಲ್ಲಿ 43 ಪಾಲು.

ಅದನ್ನು ಕಂಡುಹಿಡಿದ ಫ್ರಾನ್ಸಿನ ಖಗೋಳಜ್ಞ ಲ ವೆರಿಯೆ ಅದಕ್ಕೂ ಮೊದಲು ಯುರೇನಸ್ಸಿನ ದಾರಿ ತಪ್ಪುವುದನ್ನು ನೋಡಿ, ಆಚೆ ಇನ್ನೊಂದು ಗ್ರಹ ಇರಬೇಕು ಎಂದು ಲೆಕ್ಕ ಹಾಕಿದ್ದ. 1846ರಲ್ಲಿ ನೆಪ್ಚೂನ್ ಸಿಕ್ಕಿತು, ಅವನು ಹೇಳಿದ ಜಾಗದ ಹತ್ತಿರವೇ. ಬುಧನಿಗೂ ಅದೇ ಮದ್ದು ಎಂದುಕೊಂಡ. ಸೂರ್ಯನ ಹತ್ತಿರ ವಲ್ಕನ್ ಎಂಬ ಗ್ರಹ ಇದೆ ಎಂದ. ಹಳ್ಳಿಯ ಡಾಕ್ಟರೊಬ್ಬರು ಅದನ್ನು ಕಂಡೆ ಅಂತಲೂ ಹೇಳಿದರು! ಅಂಥ ಗ್ರಹವೇ ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಹೊಸ ಗುರುತ್ವ ಸಿದ್ಧಾಂತದಿಂದ ಆ 43ನ್ನು ಲೆಕ್ಕ ಮಾಡಿ ತೋರಿಸಿದರು. ಒಬ್ಬನೇ ಮನುಷ್ಯ, ಒಂದೇ ಬಗೆಯ ಎರಡು ತೊಡಕು. ಒಂದರಲ್ಲಿ ಸಿದ್ಧಾಂತ ಗೆದ್ದಿತು, ಇನ್ನೊಂದರಲ್ಲಿ ಸೋತಿತು. ಯಾವುದು ಯಾವುದೆಂದು ಆ ಹೊತ್ತಿಗೆ ಅವನಿಗೇ ಗೊತ್ತಾಗಲಿಲ್ಲ. ಮರುದಿನದ ತಲೆಬರಹಕ್ಕೆ ಹೇಗೆ ಗೊತ್ತಾಗಬೇಕು?

ಈಗ ವಿಶ್ವ ಹಿಗ್ಗುವ ವೇಗದ ಬಗ್ಗೆ ಅಂಥದ್ದೇ ಜಗ್ಗಾಟ ನಡೆದಿದೆ. ಮಹಾಸ್ಫೋಟದ ನಂತರದ ಆದಿಕಾಲದ ಬೆಳಕಿನ ಉಳಿಕೆಯನ್ನು ಪ್ಲಾಂಕ್ ಉಪಗ್ರಹ ಅಳೆದದ್ದರಿಂದ ಬರುವ ಅಂಕಿ, ಪ್ರತಿ ಮೆಗಾಪಾರ್ಸೆಕ್ (ಸುಮಾರು 33 ಲಕ್ಷ ಜ್ಯೋತಿರ್ವರ್ಷ) ದೂರಕ್ಕೆ ಸೆಕೆಂಡಿಗೆ 67.4 ಕಿಲೋಮೀಟರ್; ಅದರಲ್ಲಿ 0.5ರಷ್ಟು ಹೆಚ್ಚುಕಮ್ಮಿ ಇರಬಹುದು. ನಕ್ಷತ್ರ ಮತ್ತು ಸೂಪರ್‌ನೋವಾಗಳ (ಸಿಡಿದ ನಕ್ಷತ್ರಗಳ) ದೂರ ಅಳೆದು ಖಗೋಳಜ್ಞ ಆಡಂ ರೀಸ್ ತಂಡ ಕೊಡುವ ಅಂಕಿ 73, ಹೆಚ್ಚುಕಮ್ಮಿ 1. ಒಂದೇ ಅಡಿಕೆ ಗೋಣಿಯನ್ನು ಮನೆಯಲ್ಲಿ ತೂಗಿದಾಗ 67 ಕಿಲೋ, ಅಂಗಡಿಯಲ್ಲಿ 73 ಬಂದ ಹಾಗೆ. ಗೋಣಿಯೇ ಇಲ್ಲ ಎಂದು ಯಾರೂ ಹೇಳುವುದಿಲ್ಲ, ತಕ್ಕಡಿ ನೋಡುತ್ತಾರೆ. ಇಲ್ಲೂ ನೋಡುತ್ತಿದ್ದಾರೆ. ವೆಂಡಿ ಫ್ರೀಡ್‌ಮನ್ ತಂಡಕ್ಕೆ ಜೇಮ್ಸ್ ವೆಬ್ ದೂರದರ್ಶಕದ ನೆರವಿನಿಂದ ಸುಮಾರು 70 ಸಿಕ್ಕಿದೆ. ಅದೇ ದೂರದರ್ಶಕದಿಂದ ನೋಡಿದ ರೀಸ್ ತಂಡ ತಮ್ಮ 73ನ್ನು ಬಿಟ್ಟಿಲ್ಲ. 2025ರ ಮಾರ್ಚ್‌ನಲ್ಲಿ ಅರಿಝೋನಾದಲ್ಲಿ ಗೆಲಾಕ್ಸಿಗಳ ನಕ್ಷೆ ಮಾಡುವ ಡೆಸಿ ಯೋಜನೆಯವರು ವಿಶ್ವ ಹಿಗ್ಗುವ ವೇಗವನ್ನು ಹೆಚ್ಚಿಸುವ ಡಾರ್ಕ್ ಎನರ್ಜಿಯೇ ಕಾಲಕ್ರಮದಲ್ಲಿ ದುರ್ಬಲವಾಗುತ್ತಿರಬಹುದು ಎಂದರು. ಅವರ ಮಾತಿಗಿರುವ ಬಲ, ಯಾವ ಸೂಪರ್‌ನೋವಾ ಪಟ್ಟಿ ಸೇರಿಸುತ್ತೀರಿ ಎಂಬುದರ ಮೇಲೆ, 2.8ರಿಂದ 4.2 ಸಿಗ್ಮಾ. ಈ ಎರಡು ಅಂಕಿ ಹಾಕಿದ್ದರೆ ಓದುಗರು ತಾವೇ ಅಳೆದುಕೊಳ್ಳುತ್ತಿದ್ದರು.

ತಪ್ಪೆಲ್ಲ ಪತ್ರಿಕೆಗಳದ್ದೇ ಎಂದೂ ಹೇಳಲಾರೆ. ನಮ್ಮ ಶಾಲೆಗಳಲ್ಲಿ ಸಿದ್ಧಾಂತವನ್ನು ಮುಗಿದುಹೋದ ವಿಷಯದ ಹಾಗೆ ಕಲಿಸುತ್ತೇವೆ. ನಿಯಮ ಬರೆಸಿ, ಕೆಳಗೆ ಗೆರೆ ಎಳೆಸಿ, ಎರಡು ಮಾರ್ಕು ಕೊಟ್ಟುಬಿಡುತ್ತೇವೆ. ಹೆಚ್ಚುಕಮ್ಮಿ ಎಷ್ಟು ಎಂಬ ಕಾಲಮ್ಮು ಪ್ರಾಕ್ಟಿಕಲ್ ಪುಸ್ತಕದಲ್ಲಿ ಖಾಲಿಯೇ ಉಳಿಯುತ್ತದೆ. ಹಾಗೆ ಕಲಿತ ಮಕ್ಕಳಿಗೆ ಸಿದ್ಧಾಂತ ಅಲುಗಾಡಿತು ಅಂದರೆ ಬಿದ್ದೇ ಹೋಯಿತು ಅನಿಸದೆ ಇರುತ್ತದಾ?

ಕಾಸರಗೋಡಿನಲ್ಲಿ ಈ ವಿಷಯ ಸ್ವಲ್ಪ ಜಾಸ್ತಿಯೇ ಕಾಡುತ್ತದೆ. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಪಠ್ಯಪುಸ್ತಕದ ಹೊರಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಲು ಸಿಗುವುದು ಬಹುಮಟ್ಟಿಗೆ ನಿಮ್ಮಂಥ ಪತ್ರಿಕೆಗಳಲ್ಲೇ.

ಹಾಗಾಗಿ ಕೋರಿಕೆ ಇಷ್ಟು. ಸಿದ್ಧಾಂತಕ್ಕೆ ಪೆಟ್ಟು ಎಂದು ಬರೆಯುವಾಗ ಅಳತೆಯ ಅಂಕಿಯನ್ನೂ ಅದರ ಹೆಚ್ಚುಕಮ್ಮಿಯನ್ನೂ ಹಾಕಿ. ವಾರದ ಪುರವಣಿಯಲ್ಲಿ ನಾಲ್ಕು ಇಂಚು ಜಾಗ ಮೀಸಲಿಟ್ಟು, ಹಿಂದೆ ಬಂದ ಸುದ್ದಿ ಈಗ ಎಲ್ಲಿಗೆ ಬಂತು ಎಂದು ಬರೆಸಿ. ಮ್ಯೂಆನಿನಿಂದಲೇ ಶುರುಮಾಡಬಹುದು. ಡೆಸಿಯ ಮುಂದಿನ ಫಲಿತಾಂಶ ಬಂದ ದಿನ, ಅದು ಸಪ್ಪೆಯಾಗಿದ್ದರೂ ಸರಿ, ಹಿಂದಿನದಕ್ಕೆ ಕೊಟ್ಟಷ್ಟೇ ಜಾಗ ಕೊಡಿ.

ಇತಿ,
ಒಬ್ಬ ನಿವೃತ್ತ ವಿಜ್ಞಾನ ಅಧ್ಯಾಪಕ
ಬದಿಯಡ್ಕ, ಕಾಸರಗೋಡು ಜಿಲ್ಲೆ