ನಿಷ್ಠುರ ಬೇರೆ, ನಿರ್ದಯ ಬೇರೆ

ಮಾನ್ಯರೇ,

ಶರಾವತಿ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಕುರಿತ ವರದಿಯಲ್ಲಿ ‘ಅಧಿಕಾರಿಗಳ ನಿಷ್ಠುರ ಧೋರಣೆ’ ಎಂದು ಬರೆದಿದ್ದೀರಿ. ವರದಿಯ ಕಳಕಳಿಗೆ ನನ್ನ ಆಕ್ಷೇಪವಿಲ್ಲ, ಆ ಪದಕ್ಕಿದೆ.

ನಿಘಂಟು ತೆಗೆದರೆ ನಿಷ್ಠುರಕ್ಕೆ ಕ್ರೂರ ಎಂಬ ಅರ್ಥವೂ ಸಿಗುತ್ತದೆ, ನಿಜ. ಸಂಸ್ಕೃತದಿಂದ ಅದು ಬಂದದ್ದೇ ಹಾಗೆ. ಆದರೆ ಕನ್ನಡದ ಬಾಯಿಗೆ ಬಿದ್ದ ಮೇಲೆ ಅದರ ಗುಣ ಬದಲಾಗಿದೆ. ‘ಯಾಕೆ ಸುಮ್ಮನೆ ನಿಷ್ಠುರ ಕಟ್ಟಿಕೊಳ್ಳುತ್ತೀರಿ?’ ಎನ್ನುತ್ತೇವಲ್ಲ, ಅಲ್ಲಿ ನಷ್ಟವೆಲ್ಲ ನೇರವಾಗಿ ಹೇಳಿದವನದೇ. ನಮ್ಮ ಅಡಿಕೆ ಮಂಡಿಯಲ್ಲಿ ಹಿರಿಯರೊಬ್ಬರು ಚೀಲಕ್ಕೆ ಕೈ ಹಾಕಿ, ಒಂದು ಅಡಿಕೆ ಕತ್ತರಿಸಿ ನೋಡಿ, ‘ತೇವವಿದೆ, ಒಣಗಿಸಿ ತನ್ನಿ’ ಎಂದು ನೆಂಟರಿಗೂ ಮುಖಕ್ಕೆ ಹೇಳುತ್ತಾರೆ. ಅವರನ್ನು ನಿಷ್ಠುರದ ಮನುಷ್ಯ ಎನ್ನುತ್ತಾರೆಯೇ ಹೊರತು ಕಟುಕ ಎಂದವರಿಲ್ಲ. ‘ಅಂತ್ಯನಿಷ್ಠುರಕ್ಕಿಂತ ಆದಿನಿಷ್ಠುರ ಲೇಸು’ ಎಂಬ ಗಾದೆಯನ್ನೇ ನೋಡಿ. ಕ್ರೌರ್ಯವನ್ನು ಮೊದಲೇ ಮಾಡಿ ಮುಗಿಸಿ ಎಂದು ಯಾವ ಗಾದೆ ಬುದ್ಧಿ ಹೇಳೀತು?

ಬಸವಣ್ಣನವರು ತಮ್ಮನ್ನು ‘ನ್ಯಾಯನಿಷ್ಠುರಿ’ ಎಂದು ಕರೆದುಕೊಂಡರು. ಅದರ ಬೆನ್ನಿಗೇ ‘ದಾಕ್ಷಿಣ್ಯಪರ ನಾನಲ್ಲ’ ಎಂದರು. ‘ದಯವಿಲ್ಲದ ಧರ್ಮವದೇವುದಯ್ಯಾ’ ಎಂದವರೂ ಅವರೇ. ಹಾಗಾದರೆ ನಿಷ್ಠುರಕ್ಕೆ ಎದುರು ನಿಲ್ಲುವುದು ದಾಕ್ಷಿಣ್ಯ, ದಯೆಯಲ್ಲ.

ಈಗ ನಿಮ್ಮ ವರದಿಗೆ ಬರುತ್ತೇನೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮನೆ, ಗದ್ದೆ, ತೋಟ ಬಿಟ್ಟು ಕಾಡಿನ ನಡುವೆ ಬಂದು ಬಿದ್ದ ಎಷ್ಟೋ ಕುಟುಂಬಗಳ ಮೊಮ್ಮಕ್ಕಳು ಇಂದಿಗೂ ಉಳುವ ನೆಲದ ದಾಖಲೆಗಾಗಿ ಅಲೆಯುತ್ತಿದ್ದಾರೆ. ಕಚೇರಿಯಲ್ಲಿ ಅವರನ್ನು ಯಾರೂ ಗದರುವುದಿಲ್ಲ. ‘ಕೂತುಕೊಳ್ಳಿ ಅಜ್ಜ, ಕಡತ ಮೇಲಕ್ಕೆ ಹೋಗಿದೆ, ಹದಿನೈದು ದಿನ ಬಿಟ್ಟು ಬನ್ನಿ’ ಎಂದು ನಯವಾಗಿಯೇ ಸಾಗಹಾಕುತ್ತಾರೆ. ಸಾಗರದಿಂದ ಹಿನ್ನೀರಿನ ಆಚೆಗಿನ ಊರಿಗೆ ಬಸ್ಸು ಹಿಡಿದು ಅಜ್ಜ ಮರಳುತ್ತಾನೆ. ಹದಿನೈದು ದಿನ ಬಿಟ್ಟು ಮತ್ತೆ ಬರುತ್ತಾನೆ. ಇದರಲ್ಲಿ ನಿಷ್ಠುರ ಎಲ್ಲಿದೆ? ‘ಈ ಜಾಗ ಅರಣ್ಯದ ದಾಖಲೆಯಲ್ಲಿದೆ, ನನ್ನ ಕೈಯಲ್ಲಿ ಆಗದು, ಇಂಥಲ್ಲಿಗೆ ಅರ್ಜಿ ಕೊಡಿ’ ಎಂದು ಮೊದಲ ದಿನವೇ ಹೇಳಿದ್ದರೆ ಅದು ನಿಷ್ಠುರ. ಅಂಥ ಅಧಿಕಾರಿ ಸಿಕ್ಕಿದ್ದರೆ ಅಜ್ಜನಿಗೆ ಬಸ್ಸಿನ ಖರ್ಚಾದರೂ ಉಳಿಯುತ್ತಿತ್ತು.

ನಗುತ್ತ ಸಾಗಹಾಕುವುದಕ್ಕೆ ನಿರ್ದಯ, ಕಲ್ಲೆದೆ, ಕನಿಕರವಿಲ್ಲದ್ದು ಎಂಬ ಪದಗಳಿವೆ. ತಲೆಬರಹದಲ್ಲಿ ಜಾಗ ಕಡಿಮೆಯೆಂದರೆ ‘ನಿರ್ದಯ’ವೇ ಸಾಕು, ‘ನಿಷ್ಠುರ’ದಂತೆ ಅದಕ್ಕೂ ಮೂರೇ ಅಕ್ಷರ.

— ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು